ಮನೆಗೆ ಹೇಳದೆ ಕದ್ದ 25 ನಿಮಿಷ: ಇದು ತಪ್ಪಾ?

ಡೊಂಬಿವಲಿ ಪೂರ್ವ | ಮಂಗಳವಾರ, ರಾತ್ರಿ 10:48

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ನೀವೆಲ್ಲ ಬರೆಯುವುದನ್ನು ಓದುತ್ತಿದ್ದೇನೆ. ನಾನು ಬರೆಯುತ್ತಿರುವುದು ಇದೇ ಮೊದಲು. ಮನೆಯವರೆಲ್ಲ ಮಲಗಿದ್ದಾರೆ. ನಾಳೆಗೆ ಹೆಸರುಕಾಳು ನೆನೆಹಾಕಿ ಅಡುಗೆಮನೆಯಲ್ಲಿ ನಿಂತುಕೊಂಡೇ ಟೈಪ್ ಮಾಡುತ್ತಿದ್ದೇನೆ.

ನನ್ನ ದಿನ ಹೀಗಿರುತ್ತದೆ. ಬೆಳಗ್ಗೆ 5ಕ್ಕೆ ಏಳಬೇಕು. ಮೂರು ಡಬ್ಬಿ, ಮಾವನಿಗೆ ಸಕ್ಕರೆ ಇಲ್ಲದ ಚಹಾ, ಮಗಳ ಸ್ಕೂಲ್ ವ್ಯಾನ್. ಆಮೇಲೆ ಮುಂಬೈ ಲೋಕಲ್ ಟ್ರೇನಿನಲ್ಲಿ ಘಾಟ್‌ಕೋಪರ್, ಅಲ್ಲಿಂದ ಮೆಟ್ರೋದಲ್ಲಿ ಚಕಾಲಾ. ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಸಂಜೆ ಅದೇ ದಾರಿ ವಾಪಸ್. 7:35ರ ಸುಮಾರಿಗೆ ಡೊಂಬಿವಲಿಯಲ್ಲಿ ಇಳಿಯುತ್ತೇನೆ. ಇಳಿಯುತ್ತೇನೆ ಅನ್ನುವುದಕ್ಕಿಂತ ಹಿಂದಿನವರು ಇಳಿಸುತ್ತಾರೆ ಅನ್ನಬಹುದು. ಮನೆಗೆ ಬಂದು ಬ್ಯಾಗ್ ಇಡುವ ಮೊದಲೇ ಕುಕ್ಕರ್.

ಮೂರು ತಿಂಗಳ ಹಿಂದೆ ಒಂದು ಸಂಜೆ ಚಪ್ಪಲಿಯ ಪಟ್ಟಿ ಕಿತ್ತುಹೋಯಿತು. ಪಿನ್ ಚುಚ್ಚಲು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. ಪಿನ್ ಚುಚ್ಚಿ ಆಯಿತು, ಏಳಲು ಮನಸ್ಸೇ ಬರಲಿಲ್ಲ. ಎದುರಿಗೆ ಟ್ರೇನುಗಳು ಬಂದವು, ಹೋದವು. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಗಡಿಯಾರ ನೋಡಿದರೆ 25 ನಿಮಿಷ ಆಗಿತ್ತು.

ಅಂದಿನಿಂದ ವಾರಕ್ಕೆ ಮೂರು ದಿನವಾದರೂ ಹೀಗೆ ಕೂರುತ್ತೇನೆ. ಫೋನ್ ತೆಗೆಯುವುದಿಲ್ಲ, ಜಪ ಮಾಡುವುದಿಲ್ಲ, ಸುಮ್ನೆ ಇರುತ್ತೇನೆ. ಮನೆಯಲ್ಲಿ ‘ಟ್ರೇನ್ ಲೇಟ್’ ಅನ್ನುತ್ತೇನೆ. ಲೋಕಲ್‌ನಲ್ಲಿ ಓಡಾಡುವವರ ಮನೆಯಲ್ಲಿ ಈ ಸುಳ್ಳಿಗೆ ಸಾಕ್ಷಿ ಕೇಳುವವರಿಲ್ಲ.

ಮೊನ್ನೆ ಮಗಳು ಫೋನ್ ಮಾಡಿ ಎಲ್ಲಿದ್ದೀ ಅಂತ ಕೇಳಿದಳು. ಕಳ್ವಾ ಹತ್ತಿರ ಟ್ರೇನ್ ನಿಂತಿದೆ ಅಂದೆ. ಅಷ್ಟರಲ್ಲಿ ತಲೆಯ ಮೇಲಿನ ಸ್ಪೀಕರ್ ಕಲ್ಯಾಣಕ್ಕೆ ಹೋಗುವ ಸ್ಲೋ ಲೋಕಲ್ ಬಗ್ಗೆ ಕೂಗಲು ಶುರು ಮಾಡಿತು. ಅವಳಿಗೆ 9 ವರ್ಷ. “ಅಮ್ಮಾ, ಟ್ರೇನಿನ ಒಳಗೆ ಇಷ್ಟು ಜೋರಾಗಿ ಕೇಳಲ್ವಲ್ಲ?” ಅಂದಳು.

ಅವತ್ತಿನಿಂದ ಬೆಂಚಿನ ಮೇಲೆ ಕೂತರೂ ಕೂತ ಹಾಗೆ ಆಗುತ್ತಿಲ್ಲ. ಹೇಳಿ, ಇದು ತಪ್ಪಾ? ನೀವೆಲ್ಲ ನಿಮ್ಮ ಹೊತ್ತನ್ನು ಹೇಗೆ ಮಾಡಿಕೊಳ್ಳುತ್ತೀರಿ?

ವಿಂಡೋ ಸೀಟ್ | ಮಂಗಳವಾರ, ರಾತ್ರಿ 11:05

ತಪ್ಪೇನೂ ಇಲ್ಲ ಅಕ್ಕಾ. ಆದರೆ ಟ್ರೇನಿನಲ್ಲಿ ಸಿಗುವ ಹೊತ್ತು ನಮ್ಮದೇ ಅಲ್ವಾ? ನಾನು ಮಲಾಡಿನಿಂದ ಚರ್ಚ್‌ಗೇಟಿಗೆ ಹೋಗುತ್ತೇನೆ. ಲೇಡೀಸ್ ಡಬ್ಬಿಯಲ್ಲಿ ಭಜನೆ, ಬರ್ತ್‌ಡೇ, ಸಂಕ್ರಾಂತಿಗೆ ಹಳದಿ ಕುಂಕುಮ ಎಲ್ಲ ಆಗುತ್ತದೆ. ನಮ್ಮ ವೆಸ್ಟರ್ನ್ ಲೈನಿನಲ್ಲಿ 1992ರ ಮೇ 5ರಿಂದ ಲೇಡೀಸ್ ಸ್ಪೆಷಲ್ ಇದೆ, ಮೊದಲು ಬೋರಿವಲಿವರೆಗೆ ಇತ್ತು. ನನ್ನ ಅಮ್ಮನಿಗೆ ಅದೇ ಕ್ಲಬ್ ಆಗಿತ್ತು. ಅವಳ ಹತ್ತಿರದ ಗೆಳತಿಯರೆಲ್ಲ ಆ ಟ್ರೇನಿನವರೇ.

ಡೊಂಬಿವಲಿ ಪೂರ್ವ | ಮಂಗಳವಾರ, ರಾತ್ರಿ 11:12

ತಂಗೀ, ನಿನ್ನ ಹೆಸರಿನಲ್ಲೇ ಉತ್ತರ ಇದೆ ನೋಡು. ನನಗೆ ವಿಂಡೋ ಸೀಟ್ ಸಿಕ್ಕಿ ಯಾವ ಕಾಲವಾಯಿತೋ. ಮೂವರ ಸೀಟಿನ ತುದಿಯಲ್ಲಿ ಫೋರ್ತ್ ಸೀಟ್ ಸಿಕ್ಕಿದರೆ ಅವತ್ತು ಹಬ್ಬ. ಅರ್ಧ ಮೈ ಸೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ಪಕ್ಕದವರು ಮೇಥಿ ಸೋಸುತ್ತಿರುತ್ತಾರೆ, ನಾವೂ ಒಂದು ಕಟ್ಟು ಬಿಡಿಸಿಕೊಡುತ್ತೇವೆ. ಅಲ್ಲಿಯೂ ಅಡುಗೆಮನೆಯೇ. ಸ್ನೇಹ ಇದೆ, ನಗು ಇದೆ, ಇಲ್ಲ ಅನ್ನುವುದಿಲ್ಲ. ಸುಮ್ನಿರಲು ಮಾತ್ರ ಆಗುವುದಿಲ್ಲ.

ಗಲ್ಲಾಪೆಟ್ಟಿಗೆ | ಬುಧವಾರ, ಬೆಳಗ್ಗೆ 12:40

ಹೋಟೆಲ್ ಬಾಗಿಲು ಹಾಕಿ ಈಗ ಬಂದೆ. ತಂಗೀ, ನನ್ನ ಕಥೆ ಕೇಳಿ.

ಕಾರ್ಕಳದ ಹತ್ತಿರದ ಹಳ್ಳಿಯಿಂದ 13ನೇ ವಯಸ್ಸಿಗೆ ಸೋದರಮಾವನ ಜೊತೆ ಬಸ್ಸು ಹತ್ತಿದವನು ನಾನು. ಫೋರ್ಟಿನ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆಯುವ ಕೆಲಸ. ಸಂಜೆ ಕನ್ನಡ ನೈಟ್ ಸ್ಕೂಲ್. ಹಗಲು ಟೇಬಲ್ ಒರೆಸಿ ರಾತ್ರಿ ಓದಿದ ಹುಡುಗರು ನನ್ನ ಹಾಗೆ ಎಷ್ಟೋ ಮಂದಿ. ಶಾಲೆಯಿಂದ ಬಂದು ಅದೇ ಟೇಬಲುಗಳನ್ನು ಜೋಡಿಸಿ ಅದರ ಮೇಲೆ ಮಲಗುವುದು. ಆಗ ವಿಶ್ರಾಂತಿ ಅನ್ನುವ ಶಬ್ದ ಪಾಠದ ಪುಸ್ತಕದಲ್ಲಿ ಮಾತ್ರ ಇತ್ತು.

ಈಗ ಮುಲುಂಡಿನಲ್ಲಿ ನನ್ನದೇ ಹೋಟೆಲ್. 31 ವರ್ಷ ಆಯಿತು. ಗಲ್ಲಾದಲ್ಲಿ ಕೂತವನು ಆರಾಮಾಗಿದ್ದಾನೆ ಅಂತ ಜನ ತಿಳಿಯುತ್ತಾರೆ. ಗಲ್ಲಾದಲ್ಲಿ ಕೂತವನು ಒಂದಕ್ಕೆ ಏಳಬೇಕಾದರೂ ಯಾರನ್ನಾದರೂ ಕೂರಿಸಿಯೇ ಏಳಬೇಕು.

ಆದರೆ ನಮ್ಮವರಿಗೆ ಒಂದು ಹೊತ್ತಿದೆ. ಮಧ್ಯಾಹ್ನ ಮೂರರಿಂದ ನಾಲ್ಕು. ಊಟದವರು ಹೋಗಿರುತ್ತಾರೆ, ಚಹಾದವರು ಬಂದಿರುವುದಿಲ್ಲ. ಆಗ ಸ್ಟೋರ್ ರೂಮಿಗೆ ಹೋಗಿ ಮೂಟೆಗಳ ಮೇಲೆ ಗೋಣಿ ಹಾಸಿ ಮಲಗುತ್ತೇನೆ. ಅಕ್ಕಿ ಮೂಟೆ ಬೆನ್ನಿಗೆ ಗಟ್ಟಿ, ಮೈದಾ ಮೂಟೆ ಮೆತ್ತಗೆ. ಒಣಮೆಣಸಿನ ಮೂಟೆಯ ಹತ್ತಿರ ಮಾತ್ರ ಹೋಗಬಾರದು. ಯಾರು ಬಂದರೂ ಎಬ್ಬಿಸಬಾರದು ಅಂತ ಭಟ್ಟರಿಂದ ಹಿಡಿದು ಕ್ಲೀನರ್ ಮಾಣಿವರೆಗೆ ಎಲ್ಲರಿಗೂ ಗೊತ್ತು. ಮನೆಯಲ್ಲಿ ಎಸಿ ಇದೆ, ದಪ್ಪ ಹಾಸಿಗೆ ಇದೆ. ಅಲ್ಲಿ ಮಲಗಿದರೆ ನಾಳೆಯ ಹಾಲಿನ ಬಿಲ್ ನೆನಪಾಗುತ್ತದೆ. ಮೂಟೆಯ ಮೇಲೆ ಏನೂ ನೆನಪಾಗುವುದಿಲ್ಲ.

ಎರಡು ವರ್ಷದ ಹಿಂದೆ ಬಿಪಿ ಏರಿ ಡಾಕ್ಟರು ಬೈದರು. ಸೋಮವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಲು ಶುರು ಮಾಡಿದೆ. ಮೊದಲ ಸೋಮವಾರ ಏನು ಮಾಡಿದೆ ಗೊತ್ತಾ? ಹೆಂಡತಿಯನ್ನು ಕರೆದುಕೊಂಡು ಬೇರೆಯವರ ಹೋಟೆಲಿಗೆ ಹೋಗಿ ಅವರ ಸಾಂಬಾರಿಗೆ ಎಷ್ಟು ಬೇಳೆ ಹಾಕಿದ್ದಾರೆ ಅಂತ ಲೆಕ್ಕ ಹಾಕಿದೆ. ಇವತ್ತಿಗೂ ಅವಳು ಆಡಿಕೊಂಡು ನಗುತ್ತಾಳೆ. ಸುಮ್ನಿರುವುದಕ್ಕೂ ಅಭ್ಯಾಸ ಬೇಕು.

ನಿಮ್ಮ ಬೆಂಚು ತಪ್ಪಲ್ಲ. ಸುಳ್ಳು ಬೇಡವಾಗಿತ್ತು ಅಂತ ನನಗೆ ಅನ್ನಿಸುತ್ತದೆ. ನನ್ನ ಮೂಟೆಯ ವಿಷಯ ಇಡೀ ಮುಲುಂಡಿಗೆ ಗೊತ್ತು. ಅದಕ್ಕೇ ನಿದ್ದೆ ಬರುತ್ತದೆ.

ರಾತ್ರಿಪಾಳಿ | ಬುಧವಾರ, ಬೆಳಗ್ಗೆ 9:20

ನರ್ಸ್ ನಾನು. ಡ್ಯೂಟಿ ಮುಗಿಸಿ ಈಗ ಮನೆಗೆ ಬಂದೆ. ನನ್ನ ಪಾಲಿನ ವಿರಾಮ ಎಂದರೆ ಕಾಲಿಂಗ್ ಬೆಲ್ಲಿನ ವೈರ್ ಕಿತ್ತಿಡುವುದು. ಹಗಲು ಮಲಗುವ ಹೆಂಗಸನ್ನು ಕಂಡರೆ ಕಟ್ಟಡದವರಿಗೆಲ್ಲ ಅನುಮಾನ. ಕೊರಿಯರ್, ಇಸ್ತ್ರಿಯವನು, ಗಣಪತಿ ಹಬ್ಬದ ವರ್ಗಣಿ (ಚಂದಾ) ಕೇಳುವವರು, ಮೇಲಿನ ಮನೆಯ ಡ್ರಿಲ್. ಈಗ ಬಾಗಿಲಿಗೆ ಮರಾಠಿಯಲ್ಲಿ ಒಂದು ಚೀಟಿ ಅಂಟಿಸಿದ್ದೇನೆ: ‘ನೈಟ್ ಡ್ಯೂಟಿ, 3ರ ನಂತರ ಬನ್ನಿ.’ ಅದನ್ನು ಓದಿಯೂ ಒಬ್ಬರು ಬಾಗಿಲು ಬಡಿದು, “ಮಲಗಿದ್ದೀರಾ?” ಅಂತ ಕೇಳಿದರು.

ಬೆಂಚಿನ ಮೇಲೆ ಕೂರಿ ಅಕ್ಕ. ಯಾರಿಗೂ ಉತ್ತರ ಕೊಡಬೇಕಾಗಿಲ್ಲ. ಮಲಗಿದೆ ನಾನು.

ಮಂಡಿನೋವು | ಬುಧವಾರ, ಬೆಳಗ್ಗೆ 10:02

ಬ್ಯಾಂಕಿನಲ್ಲಿ 36 ವರ್ಷ ಇದ್ದು ನಿವೃತ್ತನಾದವನು, ಕಿಂಗ್ಸ್ ಸರ್ಕಲ್ ನಿವಾಸಿ. ಬೆಳಗ್ಗೆ ಫೈವ್ ಗಾರ್ಡನ್ಸ್‌ನಲ್ಲಿ ಒಂದು ಸುತ್ತು, ಆಮೇಲೆ ಫಿಲ್ಟರ್ ಕಾಫಿ, ಆಮೇಲೆ ಪೇಪರು. ನನ್ನ ಹತ್ತಿರ ಸಮಯ ಬೇಕಾದಷ್ಟಿದೆ, ಯಾರಿಗಾದರೂ ಬೇಕಿದ್ದರೆ ಸಾಲ ಕೊಡುತ್ತೇನೆ.

ತಮಾಷೆ ಇರಲಿ. ಕೆಲಸದಲ್ಲಿದ್ದಾಗ ಒಂದೇ ಆಸೆ ಇತ್ತು. ಬೋರಿವಲಿ ನ್ಯಾಷನಲ್ ಪಾರ್ಕಿನ ಒಳಗೆ ಕನ್ಹೇರಿ ಗುಹೆಗಳಿವೆಯಲ್ಲ, ಕಪ್ಪು ಬಂಡೆಯಲ್ಲಿ ಕೊರೆದ ನೂರಕ್ಕೂ ಜಾಸ್ತಿ ಗುಹೆಗಳು. ಬೌದ್ಧ ಭಿಕ್ಷುಗಳು ಇದ್ದ ಚಿಕ್ಕ ಕೋಣೆಗಳಲ್ಲಿ ಕಲ್ಲಿನ ಜಗಲಿ ಹಾಗೇ ಬಿಟ್ಟು ಕೊರೆದಿದ್ದಾರೆ, ಕೂರಲು, ಮಲಗಲು. ಅದರ ಮೇಲೆ ಒಂದು ಮಧ್ಯಾಹ್ನ ಬಿದ್ದುಕೊಂಡಿರಬೇಕು ಅಂತ ಆಸೆ. ಆಡಿಟ್ ಮುಗಿಯಲಿ, ಮಾರ್ಚ್ ಕಳೆಯಲಿ, ಮಗಳ ಮದುವೆ ಆಗಲಿ ಅಂತ ಮುಂದೆ ಹಾಕಿದೆ. ಹೋದ ವರ್ಷ ಹೋದೆ. ಮೊದಲು ಹೋದ ದಿನ ಸೋಮವಾರ, ಪಾರ್ಕಿಗೇ ರಜೆ. ಮತ್ತೆ ಹೋದಾಗ ಮೆಟ್ಟಿಲು ನೋಡಿ ಮಂಡಿ ಒಪ್ಪಲಿಲ್ಲ. ಕೆಳಗಿನ ದೊಡ್ಡ ಚೈತ್ಯ, ಅಂದರೆ ಪ್ರಾರ್ಥನೆಯ ಗುಹೆ, ನೋಡಿಕೊಂಡು ಸೌತೆಕಾಯಿ ತಿಂದು ಬಂದೆ.

ಇನ್ನೊಂದು ವಿಷಯ. ಬಿಡುವಿನ ಮಾತು ಬಂದಾಗ ಮುಂಬೈನವರಾದ ನಾವು ನೆನೆಯಬೇಕಾದ ಒಬ್ಬರಿದ್ದಾರೆ. ನಾರಾಯಣ ಮೇಘಾಜಿ ಲೋಖಂಡೆ, ಜೋತಿಬಾ ಫುಲೆಯವರ ಒಡನಾಡಿ. ಇಲ್ಲಿಯ ಬಟ್ಟೆ ಗಿರಣಿಗಳ ಕೂಲಿಗಳಿಗೆ ವಾರದ ರಜೆಯೇ ಇರಲಿಲ್ಲ. 1884ರಲ್ಲಿ ಅವರು ಕೂಲಿಗಳನ್ನು ಸೇರಿಸಿ ಬೇಡಿಕೆ ಇಟ್ಟರು. ಭಾನುವಾರ ಪೂರ್ತಿ ರಜೆ ಬೇಕು, ಮಧ್ಯಾಹ್ನ ಅರ್ಧ ಗಂಟೆ ಬಿಡುವು ಬೇಕು, ಬೆಳಗ್ಗೆ ಆರೂವರೆಗೆ ಶುರುವಾದ ಕೆಲಸ ಹೊತ್ತು ಮುಳುಗುವಾಗ ನಿಲ್ಲಬೇಕು. ಕೊನೆಗೆ 1890ರ ಜೂನ್ 10ರಂದು ಭಾನುವಾರದ ರಜೆ ಸಿಕ್ಕಿತು. ಆರು ವರ್ಷ ಹಿಡಿಯಿತು. ನಮ್ಮ ತಂಗಿ ಕೇಳುತ್ತಿರುವ ಬಿಡುವು ಅದೇ ಅರ್ಧ ಗಂಟೆಗಿಂತ ಐದು ನಿಮಿಷ ಕಡಿಮೆಯೇ.

ನೇರಮಾತು | ಬುಧವಾರ, ಮಧ್ಯಾಹ್ನ 1:15

ಮಂಡಿನೋವು ಸರ್, ಇತಿಹಾಸ ಚೆನ್ನಾಗಿದೆ. ಒಂದು ಪ್ರಶ್ನೆ. ಗಿರಣಿಯವನಿಗೆ ಭಾನುವಾರ ಸಿಕ್ಕಿತು. ಅವನ ಹೆಂಡತಿಗೆ? ಭಾನುವಾರ ಗಂಡ ಮನೆಯಲ್ಲಿದ್ದರೆ ಮನೆಯಲ್ಲಿ ಕೆಲಸ ಜಾಸ್ತಿಯೇ ಆಗಿರಬೇಕು. ಇವತ್ತಿಗೂ ನಮ್ಮ ಮನೆಗಳಲ್ಲಿ ಭಾನುವಾರ ಎಂದರೆ ಮೀನು ಸಾರು, ನೀರುದೋಸೆ, ನೆಂಟರು. ಉಂಡವರು ಮಧ್ಯಾಹ್ನ ಮಲಗುತ್ತಾರೆ. ಮಾಡಿದವರು ಪಾತ್ರೆ ಎತ್ತುತ್ತಾರೆ.

ಮಂಡಿನೋವು | ಬುಧವಾರ, ಮಧ್ಯಾಹ್ನ 1:31

ಗಿರಣಿಯಲ್ಲಿ ಹೆಂಗಸರೂ ದುಡಿಯುತ್ತಿದ್ದರು. ಆದರೆ ನಿಮ್ಮ ಮಾತನ್ನು ನಾನು ಅಲ್ಲಗಳೆಯಲಾರೆ. ಉತ್ತರ ಗೊತ್ತಾಗದೆ ನಮ್ಮ ಮನೆಯವಳನ್ನು ಕೇಳಿದೆ. “ನೀವು ನಿವೃತ್ತರಾದಿರಿ, ನಾನು ಯಾವಾಗ ಆಗೋದು?” ಅಂದಳು. ಮುಂದೆ ಮಾತಾಡಲಿಲ್ಲ.

ವಿಂಡೋ ಸೀಟ್ | ಬುಧವಾರ, ಮಧ್ಯಾಹ್ನ 1:40

ಸರ್, ಆಂಟಿಯನ್ನು ಮಾಟುಂಗಾದ ರಾಮ ನಾಯಕರ ಹೋಟೆಲಿಗೆ ಕರೆದುಕೊಂಡು ಹೋಗಿ. 1942ರಿಂದ ಬಡಿಸುತ್ತಿದ್ದಾರೆ, ಬಾಳೆ ಎಲೆ ಊಟ. ನನ್ನ ಅಮ್ಮ ಹೇಳುತ್ತಾಳೆ, ಹೆಂಗಸರಿಗೆ ಊಟ ರುಚಿಯಾಗುವುದು ಬೇರೆಯವರು ಬಡಿಸಿದಾಗ ಮಾತ್ರ ಅಂತ.

ಕೃಷ್ಣಾ ದಂಡೆ | ಬುಧವಾರ, ಸಂಜೆ 6:50

ವಿಜಾಪುರ ಕಡೆಯವನು ನಾನು, ಕಲ್ಯಾಣದಲ್ಲಿ ಇದ್ದೇನೆ. ಫ್ಯಾಬ್ರಿಕೇಷನ್ ಕೆಲಸ. ಅಕ್ಕಾರ, ನಮ್ಮ ಊರಲ್ಲಿ ಇದನ್ನು ಯಾರೂ ದೊಡ್ಡ ವಿಷಯ ಅಂತ ತಿಳಿಯುವುದಿಲ್ಲ. ಸಂಜೆ ಆದರೆ ಹನುಮಪ್ಪನ ಗುಡಿ ಕಟ್ಟಿ ಮ್ಯಾಲೆ ಹೋಗಿ ಕೂಡುವುದು. ಒಬ್ಬ ಎಲೆ ಅಡಿಕೆ ತೆಗೆಯುತ್ತಾನೆ, ಒಬ್ಬ ಸುಮ್ಮನೆ ಆಕಳಿಸುತ್ತಾನೆ. ಎಲ್ಲಿಗೆ ಹೋಗಿದ್ದೆ ಅಂದರೆ ಕಟ್ಟಿಗೆ ಅಂತ ಹೇಳಿದರೆ ಮುಗಿಯಿತು. ಮುಂಬೈಗೆ ಬಂದ ಹೊಸದಾಗಿ ನಾನು ಹುಡುಕಿದ್ದೇ ಕಟ್ಟಿಯನ್ನು.

ಮರಾಠಿಯಲ್ಲೂ ‘ಕಟ್ಟಾ’ ಅನ್ನುವ ಮಾತಿದೆ. ದಾದರಿನ ಶಿವಾಜಿ ಪಾರ್ಕ್ ಮೈದಾನದ ಸುತ್ತ ಗಿಡ್ಡ ಗೋಡೆ ಇದೆಯಲ್ಲ, ಒಂದು ಸುತ್ತು ಬಂದರೆ ಒಂದು ಕಿಲೋಮೀಟರಿಗಿಂತ ಜಾಸ್ತಿ, ಅದೇ ಅಲ್ಲಿಯ ಕಟ್ಟಾ. ಹುಡುಗರು, ಮುದುಕರು, ಜಗಳ ಆಡಿಕೊಂಡು ಬಂದವರು, ಎಲ್ಲ ಅಲ್ಲೇ. ಕೆಲಸಕ್ಕೆ ಆ ಕಡೆ ಹೋದಾಗಲೆಲ್ಲ ಹತ್ತು ನಿಮಿಷ ಕೂತು ಬರುತ್ತೇನೆ. ನಿಮ್ಮ ಬೆಂಚೂ ಕಟ್ಟಿಯೇ ಅಂತ ತಿಳಿಯಿರಿ.

ಆದರೆ ಒಂದು ಮಾತು ಒಪ್ಪುತ್ತೇನೆ. ನಮ್ಮ ಊರ ಕಟ್ಟಿ ಮ್ಯಾಲೆ ಒಬ್ಬ ಹೆಣ್ಣುಮಗಳು ಕೂತದ್ದನ್ನು ನಾನು ನೋಡಿಲ್ಲ. ಅವರು ಹಿತ್ತಲಲ್ಲಿ ಕೂಡುತ್ತಿದ್ದರು, ಕೈಯಲ್ಲಿ ಮೊರ ಹಿಡಿದು.

ಬಾತ್‌ರೂಮ್ ಆಫೀಸ್ | ಬುಧವಾರ, ರಾತ್ರಿ 9:33

ನನ್ನದು ಉಲ್ಟಾ ಕೇಸ್. 2020ರಿಂದ ಮನೆಯಿಂದಲೇ ಕೆಲಸ. ಥಾಣೆಯಲ್ಲಿ ಒನ್ ಬಿಎಚ್‌ಕೆ. ಮೊದಲು ಐರೋಲಿಗೆ ಹೋಗಿ ಬರುವಾಗ ಬೈದುಕೊಳ್ಳುತ್ತಿದ್ದೆ. ಟ್ರೇನ್ ನಿಂತ ಮೇಲೆ ಗೊತ್ತಾಯಿತು, ಆಫೀಸಿನ ನಾನು ಮನೆಯ ನಾನು ಆಗುತ್ತಿದ್ದುದು ಆ ದಾರಿಯಲ್ಲೇ. ಈಗ ಲ್ಯಾಪ್‌ಟಾಪ್ ಮುಚ್ಚಿದ ಮರುಕ್ಷಣ “ಪಪ್ಪಾ, ಹೋಮ್‌ವರ್ಕ್”. ಹೆಸರು ನೋಡಿಯೇ ತಿಳಿದಿರಬೇಕು ನಿಮಗೆ, ಮೊದಲ ಒಂದು ವರ್ಷ ನನ್ನ ಏಕಾಂತ ಎಲ್ಲಿತ್ತು ಅಂತ.

ಈಗ ಒಂದು ನಾಟಕ ಮಾಡುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಶೂ ಹಾಕಿ ಕೆಳಗೆ ಇಳಿದು ಸೊಸೈಟಿಗೆ ನಾಲ್ಕು ಸುತ್ತು ಹೊಡೆದು ‘ಆಫೀಸಿಗೆ’ ಬರುತ್ತೇನೆ. ಸಂಜೆ ಏಳಕ್ಕೆ ಮತ್ತೆ ನಾಲ್ಕು ಸುತ್ತು ಹೊಡೆದು ‘ಮನೆಗೆ’ ಬರುತ್ತೇನೆ. ವಾಚ್‌ಮನ್‌ಗೆ ನನ್ನ ತಲೆಯ ಬಗ್ಗೆ ಅನುಮಾನ ಇದೆ. ಶನಿವಾರ ಉಪವನ ಕೆರೆಯ ದಂಡೆಯಲ್ಲಿ ಅರ್ಧ ಗಂಟೆ. ಚಳಿಗಾಲದಿಂದ ಬೇಸಿಗೆವರೆಗೆ ಐರೋಲಿಯ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಫ್ಲೆಮಿಂಗೋ ಹಕ್ಕಿಗಳು ಬರುತ್ತವೆ, ದೋಣಿಯಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ. ಆರು ವರ್ಷ ಆ ಊರಿನಲ್ಲಿ ಕೆಲಸ ಮಾಡಿ ಒಂದು ಸಲವೂ ನೋಡಿರಲಿಲ್ಲ. ಕೆಲಸ ಮನೆಗೆ ಬಂದ ಮೇಲೆ ಹೋಗಿ ನೋಡಿದೆ.

ವಿಂಡೋ ಸೀಟ್ | ಬುಧವಾರ, ರಾತ್ರಿ 9:50

ಜಾಗದ ವಿಷಯ ಬಂತಲ್ಲ, ನನ್ನದೂ ಒಂದು: ಮಾರ್ವೆ ಜೆಟ್ಟಿಯಿಂದ ಮನೋರಿಗೆ ದೋಣಿ. ಕೆಲವೇ ನಿಮಿಷದ ದಾರಿ. ಆ ಕಡೆ ಇಳಿದು ಏನೂ ಮಾಡಬೇಕಾಗಿಲ್ಲ. ಅದೇ ದೋಣಿಯಲ್ಲಿ ವಾಪಸ್ ಬರುವುದು. ಬೈಕು, ಮೀನಿನ ಬುಟ್ಟಿ, ನಾನು.

ಕಪ್ಪು ಕೋಟು | ಬುಧವಾರ, ರಾತ್ರಿ 10:21

ಕಾಲಾಘೋಡಾದ ಡೇವಿಡ್ ಸಸೂನ್ ಲೈಬ್ರರಿ. 1870ರ ಕಟ್ಟಡ. ಸದಸ್ಯರಾದರೆ ಸಾಕು, ಮೇಲಿನ ವರಾಂಡದಲ್ಲಿ ಉದ್ದ ಕೈಯ ಆರಾಮ ಕುರ್ಚಿಗಳಿವೆ. ಕಾಲು ಚಾಚಿ ಪೇಪರ್ ಮುಖದ ಮೇಲೆ ಹಾಕಿಕೊಂಡರೆ ಕೋರ್ಟಿನ ಗದ್ದಲ ಎಲ್ಲೋ ದೂರದಲ್ಲಿ ಇದ್ದ ಹಾಗೆ. ಪುಸ್ತಕ ಓದಲು ಹೋಗಿ ಎಂಟು ವರ್ಷ ಆಯಿತು, ಇನ್ನೂ ಅದೇ ಪುಸ್ತಕ.

ಹತ್ತು ದಿನ ಮೌನ | ಗುರುವಾರ, ಬೆಳಗ್ಗೆ 7:10

ಇಗತ್‌ಪುರಿಯ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿದ್ದೆ. ಹತ್ತು ದಿನ ಮಾತಿಲ್ಲ, ಫೋನ್ ಇಲ್ಲ, ಬೆಳಗ್ಗೆ ನಾಲ್ಕಕ್ಕೆ ಗಂಟೆ. ಫೀ ಇಲ್ಲ, ಮುಗಿದ ಮೇಲೆ ಮನಸ್ಸಿದ್ದಷ್ಟು ದಾನ. ಮೂರನೇ ದಿನ ಓಡಿಹೋಗೋಣ ಅನ್ನಿಸಿತು, ಎಂಟನೇ ದಿನ ಇಲ್ಲೇ ಇರೋಣ ಅನ್ನಿಸಿತು. ಎಲ್ಲರೂ ಒಮ್ಮೆ ಹೋಗಿ ಬನ್ನಿ. ಬೆಂಚಿನ 25 ನಿಮಿಷದಿಂದ ಏನಾಗುತ್ತದೆ?

ರಾತ್ರಿಪಾಳಿ | ಗುರುವಾರ, ಬೆಳಗ್ಗೆ 9:05

ಸರ್, ಆ ಹತ್ತು ದಿನ ನಿಮ್ಮ ಮನೆಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಿದ್ದು ಯಾರು?

ಹತ್ತು ದಿನ ಮೌನ | ಗುರುವಾರ, ಬೆಳಗ್ಗೆ 9:44

ನನ್ನ ಹೆಂಡತಿ. ಸರಿ, ಅರ್ಥವಾಯಿತು. ಮತ್ತೆ ಮೌನಕ್ಕೆ ಹೋಗುತ್ತೇನೆ.

ನೇರಮಾತು | ಗುರುವಾರ, ಮಧ್ಯಾಹ್ನ 12:30

ಈಗ ವಿಷಯಕ್ಕೆ ಬಂದಿರಿ. ಯಾರಾದರೂ ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಲೋಕಲ್‌ನ ಸೀಟಿನ ಹಾಗೆ. ಅದಕ್ಕೆ ಎಲ್ಲರಿಗೂ ಒಂದು ಪ್ರಶ್ನೆ. ನಿಮ್ಮ ಮನೆಯ ಕೆಲಸದ ಮಾವ್ಶಿಗೆ ತಿಂಗಳಿಗೆ ಎಷ್ಟು ರಜೆ? ಅವರು ಬೆಳಗ್ಗಿನಿಂದ ಆರು ಮನೆ ಮಾಡುತ್ತಾರೆ. ಅವರ ಬೆಂಚು ಎಲ್ಲಿದೆ? ಉತ್ತರ ಕೊಡಿ, ಉಪದೇಶ ಬೇಡ.

ನೇರಮಾತು | ಗುರುವಾರ, ರಾತ್ರಿ 8:15

ಎಂಟು ಗಂಟೆ ಆಯಿತು. ದೋಣಿ, ಕೆರೆ, ಗುಹೆ ಅಂತ ಇಷ್ಟು ಜನ ಬರೆದಿರಿ. ಇದಕ್ಕೆ ಒಬ್ಬರೂ ಇಲ್ಲವಾ?

ಗಲ್ಲಾಪೆಟ್ಟಿಗೆ | ಶುಕ್ರವಾರ, ಬೆಳಗ್ಗೆ 12:55

ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು. ಹೇಳಲು ನಾಚಿಕೆಯಾಗುತ್ತದೆ. ಹೋಟೆಲಿನ ಹುಡುಗರಿಗೆ ವಾರಕ್ಕೊಂದು ಕೊಡುತ್ತೇನೆ, ಕಾನೂನು ಇದೆ, ಹಾಜರಿ ಬರೆಯುವ ಮಸ್ಟರ್ ಇದೆ. ಮನೆಗೆ ಮಸ್ಟರ್ ಇಲ್ಲವಲ್ಲ.

ಒಂದು ಮಾತು ನೆನಪಾಯಿತು. ಮನೆಯ ಊಟದ ಡಬ್ಬಿಯನ್ನು ಆಫೀಸಿಗೆ ತಲುಪಿಸುವ ಡಬ್ಬಾವಾಲಾಗಳನ್ನು ನೋಡಿ. ಅವರ ಕೆಲಸ ಶುರುವಾದದ್ದೂ 1890ರಲ್ಲೇ, ಮಂಡಿನೋವು ಸರ್ ಹೇಳಿದ ಅದೇ ವರ್ಷ. ಮಳೆ ಬರಲಿ, ನೀರು ತುಂಬಲಿ, ಡಬ್ಬಿ ಬರುತ್ತದೆ. ಆದರೆ ವರ್ಷಕ್ಕೊಮ್ಮೆ, ಮಾರ್ಚ್-ಏಪ್ರಿಲ್ ಹೊತ್ತಿಗೆ, ಊರ ಜಾತ್ರೆ ಅಂತ ಐದಾರು ದಿನ ಒಟ್ಟಿಗೆ ರಜೆ ಹಾಕುತ್ತಾರೆ. ಮೊದಲೇ ಹೇಳಿಬಿಡುತ್ತಾರೆ. ಯಾರೂ ಸುಳ್ಳು ಹೇಳಬೇಕಾಗಿಲ್ಲ, ಅಜ್ಜಿ ಸತ್ತಳು ಅನ್ನಬೇಕಾಗಿಲ್ಲ. ಆ ವಾರ ನಮ್ಮ ಹೋಟೆಲಿನಲ್ಲಿ ಪಾರ್ಸೆಲ್ ಜಾಸ್ತಿ. ಮುಂಬೈ ಹೇಗೋ ಊಟ ಮಾಡುತ್ತದೆ.

ಬಾತ್‌ರೂಮ್ ಆಫೀಸ್ | ಶುಕ್ರವಾರ, ಬೆಳಗ್ಗೆ 9:15

ನಾಲ್ಕು. ಅದೂ ಅವರೇ ಹಟ ಹಿಡಿದು ತೆಗೆದುಕೊಂಡದ್ದು. ನಾವು ಕೊಟ್ಟದ್ದಲ್ಲ.

ಡೊಂಬಿವಲಿ ಪೂರ್ವ | ಶುಕ್ರವಾರ, ರಾತ್ರಿ 11:20

ನೇರಮಾತು ಅವರೇ, ನಮ್ಮ ಮಾವ್ಶಿಗೆ ಪ್ರತಿ ಭಾನುವಾರ ರಜೆ. ಅದು ನನ್ನ ದೊಡ್ಡತನ ಅಲ್ಲ, ಅವರು ಮೊದಲ ದಿನವೇ ಷರತ್ತು ಹಾಕಿದ್ದರು. ಆದರೆ ಆ ಭಾನುವಾರದ ಪಾತ್ರೆ ತಿಕ್ಕುವುದು ನಾನು. ಹಳಿ ರಿಪೇರಿಗೆ ಭಾನುವಾರ ಟ್ರೇನು ನಿಲ್ಲಿಸುವ ಮೆಗಾ ಬ್ಲಾಕ್ ಇರಲಿ ಬಿಡಲಿ, ನಮ್ಮ ಸಿಂಕಿನಲ್ಲಿ ಮಾತ್ರ ಭಾನುವಾರ ಬ್ಲಾಕ್. ಮಾವ್ಶಿ ಹೇಳಿ ತೆಗೆದುಕೊಂಡರು, ನಾನು ಕದ್ದೆ. ನಾಲ್ಕು ದಿನದಿಂದ ಇದೇ ತಲೆಯಲ್ಲಿ ಸುತ್ತುತ್ತಿತ್ತು.

ಇವತ್ತು ಬೆಂಚಿನ ಮೇಲೆ ಕೂತಿದ್ದಾಗ ಮಗಳ ಫೋನ್ ಬಂತು. ಎಲ್ಲಿದ್ದೀ ಅಂದಳು. ಡೊಂಬಿವಲಿ ಸ್ಟೇಷನ್‌ನಲ್ಲೇ ಇದ್ದೇನೆ, ಕೂತಿದ್ದೇನೆ ಅಂದೆ.

“ಯಾಕೆ?”

“ಸುಮ್ನೆ.”

“ಸರಿ” ಅಂತ ಇಟ್ಟುಬಿಟ್ಟಳು. ನಾನು ಮೂರು ತಿಂಗಳು ಹೆದರಿದ್ದು ಈ ‘ಸರಿ’ಗಾ ಅನ್ನಿಸಿತು.

ಊಟವಾದ ಮೇಲೆ ಮನೆಯವರಿಗೆ ಎಲ್ಲ ಹೇಳಿದೆ. ಮೊದಲು ಒಂದು ವಾರ ಕಾದು ಹೇಳೋಣ ಅಂತ ಇದ್ದೆ, ಮಗಳು ಹೇಳಿಬಿಟ್ಟರೆ ಅಂತ ಇವತ್ತೇ ಹೇಳಿದೆ. ಇವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ. ಆಮೇಲೆ ನಿಧಾನವಾಗಿ, “ಪಾರ್ಕಿಂಗ್ ಸಿಗಲಿಲ್ಲ ಅಂತ ನಾನು ಹೇಳುತ್ತೇನಲ್ಲ” ಅಂದರು. “ಸಿಗುತ್ತದೆ. ದಿನಾ ಸಿಗುತ್ತದೆ. ಸ್ಕೂಟರ್ ನಿಲ್ಲಿಸಿ ಹತ್ತು ನಿಮಿಷ ಅದರ ಮೇಲೇ ಕೂತಿರುತ್ತೇನೆ.”

ಎಷ್ಟು ದಿನದಿಂದ ಅಂದೆ. ನಾಲ್ಕು ವರ್ಷ ಅಂತೆ!

ಹಾಲಿನಲ್ಲಿ ಟಿವಿ ನೋಡುತ್ತಿದ್ದ ಮಾವ ತಿರುಗದೆಯೇ, “ನನಗೆ ಗೊತ್ತು, ಬಾಲ್ಕನಿಯಿಂದ ಕಾಣುತ್ತದೆ” ಅಂದರು.

ಕೃಷ್ಣಾ ದಂಡೆ | ಶುಕ್ರವಾರ, ರಾತ್ರಿ 11:34

ಮಾವನಿಗೆ ನನ್ನ ನಮಸ್ಕಾರ ಹೇಳಿರಿ ಅಕ್ಕಾರ. ಬಾಲ್ಕನಿಯೇ ಅವರ ಕಟ್ಟಿ.

ಗಲ್ಲಾಪೆಟ್ಟಿಗೆ | ಶನಿವಾರ, ಬೆಳಗ್ಗೆ 12:48

ಇವತ್ತು ನಮ್ಮ ಮಾವ್ಶಿಗೆ ನಾಲ್ಕು ಭಾನುವಾರ ಅಂತ ಹೇಳಿದೆವು. ಪಗಾರ ಕಡಿತ ಇಲ್ಲ ತಾನೇ ಅಂತ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ನೇರಮಾತು, ನೀವು ಯಾರೋ ಏನೋ, ಮುಲುಂಡಿಗೆ ಬಂದರೆ ಕಾಫಿ ಕುಡಿದು ಹೋಗಿ. ಮೂರರಿಂದ ನಾಲ್ಕರ ನಡುವೆ ಬರಬೇಡಿ.

ಡೊಂಬಿವಲಿ ಪೂರ್ವ | ಭಾನುವಾರ, ಮಧ್ಯಾಹ್ನ 3:10

ಒಂದು ಒಪ್ಪಂದ ಆಗಿದೆ. ಮಂಗಳವಾರ, ಗುರುವಾರ ನನ್ನ ಬೆಂಚು. ಆ ಎರಡು ದಿನ ಇವರು ಬೇಗ ಮೇಲೆ ಬಂದು ಕುಕ್ಕರ್ ಇಡಬೇಕು. ಉಳಿದ ದಿನ ಸ್ಕೂಟರ್ ಅವರದು, ಪಾರ್ಕಿಂಗ್ ಬಗ್ಗೆ ಯಾರೂ ಕೇಳಬಾರದು. ನಿನ್ನೆ ತಾಲೀಮು ಅಂತ ಕುಕ್ಕರ್ ಇಟ್ಟರು. ನೀರು ಜಾಸ್ತಿಯಾಗಿ ಅನ್ನ ಗಂಜಿಯಾಯಿತು. ಮಾವ ಏನೂ ಹೇಳದೆ ಉಪ್ಪಿನಕಾಯಿ ಕೇಳಿ ಉಂಡರು.

ಈಗ ಇವರು ಪಾತ್ರೆ ತೊಳೆಯುತ್ತಿದ್ದಾರೆ. ತೊಳೆಯುತ್ತಿದ್ದರು ಅನ್ನಬೇಕು. ಅರ್ಧ ತೊಳೆದು ಉಳಿದದ್ದನ್ನು ‘ನೆನೆಯಲಿ’ ಅಂತ ಬಿಟ್ಟು ಮಲಗಿದ್ದಾರೆ. ನಾನು ಎದ್ದು ಹೋಗಿ ತೊಳೆಯಬಾರದು ಅಂತ ಗಟ್ಟಿ ಮನಸ್ಸು ಮಾಡಿ ಇಲ್ಲಿ ಕೂತು ಬರೆಯುತ್ತಿದ್ದೇನೆ. ಸಿಂಕಿನಿಂದ ಕಣ್ಣು ತೆಗೆಯುವುದು ಕಷ್ಟ.

ರಾತ್ರಿಪಾಳಿ | ಭಾನುವಾರ, ಮಧ್ಯಾಹ್ನ 3:22

ಏಳಬೇಡಿ ಅಕ್ಕ. ನಾವೆಲ್ಲ ನೋಡುತ್ತಿದ್ದೇವೆ.

ವಿಂಡೋ ಸೀಟ್ | ಭಾನುವಾರ, ಮಧ್ಯಾಹ್ನ 3:25

ಅಕ್ಕಾ, ಮುಂದಿನ ವಾರ ಡೊಂಬಿವಲಿಗೆ ಬರುವುದಿದೆ. ಯಾವ ಬೆಂಚು? ಯಾವ ಪ್ಲಾಟ್‌ಫಾರ್ಮ್?

ಡೊಂಬಿವಲಿ ಪೂರ್ವ | ಭಾನುವಾರ, ಮಧ್ಯಾಹ್ನ 3:31

ಮನೆಗೆ ಬಾ ತಂಗೀ, ಊಟ ಹಾಕುತ್ತೇನೆ. ಬೆಂಚು ಮಾತ್ರ ಹೇಳುವುದಿಲ್ಲ.